ಕರ್ತವ್ಯದಲ್ಲಿ ಅಂಗವಿಕಲರಾದವರ ಮನೆಗೆ ತೆರಿಗೆ ವಿನಾಯಿತಿ

ಪರರ ಪ್ರಾಣ ಕಾಯಲು ಉರಿಯೊಳಗೆ ನುಗ್ಗಿದವನು ಶಾಶ್ವತ ಅಂಗವಿಕಲನಾದರೆ ಅವನ ದುಡಿಮೆ ನಿಲ್ಲುತ್ತದೆ. ಮನೆಯ ಮೇಲಣ ತೆರಿಗೆ ಮಾತ್ರ ನಿಲ್ಲುವುದಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದವರು ಕರ್ತವ್ಯದಲ್ಲಿ ಮಡಿದವರ ಬಾಳಸಂಗಾತಿಗೆ 2012ರಲ್ಲಿಯೇ ಈ ತೆರಿಗೆಯಿಂದ ಬಿಡುಗಡೆಗೆ ದಾರಿ ಮಾಡಿದರು. ಬದುಕುಳಿದ ಗಾಯಾಳುಗಳು ಮತ್ತೆ ನಾಲ್ಕು ವರ್ಷ ಕಾಯಬೇಕಾಯಿತು.

2016ರ ನವೆಂಬರಿನಲ್ಲಿ ಅಲ್ಲಿಯ ಜನ ರಾಜ್ಯದ ಸಂವಿಧಾನವನ್ನೇ ತಿದ್ದಿದರು. ತಿದ್ದುಪಡಿಗೆ ನೂರಕ್ಕೆ 60 ಮತ ಸಾಕಾಗಿತ್ತು. ದೊರೆತುದು 80ಕ್ಕೂ ಅಧಿಕ. ಪೊಲೀಸರು, ಸೆರೆಮನೆಯ ಅಧಿಕಾರಿಗಳು, ಅಗ್ನಿಶಾಮಕರು, ತುರ್ತು ವೈದ್ಯಕೀಯ ಸಿಬ್ಬಂದಿ ಕರ್ತವ್ಯದಲ್ಲಿ ಗಾಯಗೊಂಡು ಸಂಪೂರ್ಣವಾಗಿ, ಶಾಶ್ವತವಾಗಿ ಅಂಗವಿಕಲರಾದಲ್ಲಿ ಅವರು ವಾಸಿಸುವ ಸ್ವಂತ ಮನೆಗೆ ಆಸ್ತಿ ತೆರಿಗೆಯ ವಿನಾಯಿತಿಯುಂಟು. ಆದರೆ ಅದು ತಾನಾಗಿ ಮನೆಬಾಗಿಲಿಗೆ ಬಾರದು. ಅಂಗವೈಕಲ್ಯದ ಪ್ರಮಾಣಪತ್ರವನ್ನೂ ಕೆಲಸ ಕೊಟ್ಟವರ ದೃಢೀಕರಣವನ್ನೂ ಒದಗಿಸಿ, ಕೌಂಟಿಯ ಆಸ್ತಿ ಮೌಲ್ಯಮಾಪಕರಿಗೆ ಅರ್ಜಿ ಸಲ್ಲಿಸಬೇಕು.

ಈ ತೆರಿಗೆಯಿಂದಲೇ ಅಲ್ಲಿಯ ಶಾಲೆಗಳೂ ಸ್ಥಳೀಯ ಆಡಳಿತವೂ ನಡೆಯುವುವು. ಒಬ್ಬನಿಗೆ ಬಿಟ್ಟುಕೊಟ್ಟ ಭಾರವನ್ನು ನೆರೆಹೊರೆಯವರು ಹಂಚಿಕೊಂಡು ಹೊರಬೇಕಾಗುತ್ತದೆ. ವಾಚಕರು ಗಮನಿಸಬೇಕಾದ ಸಂಗತಿ ಇದೇ: ಮಡಿದ ವೀರನಿಗೆ ಹೂಮಾಲೆ ಹಾಕಲು ನೂರು ಜನ ಬರುತ್ತಾರೆ, ಹಾಸಿಗೆ ಹಿಡಿದು ಬದುಕಿರುವವನ ಸೂರನ್ನು ಉಳಿಸುವುದು ವರ್ಷವರ್ಷವೂ ತೀರಿಸಬೇಕಾದ ಋಣ.