ಓಬವ್ವನ ಮಾತು ಕೇಳಿಸಿಕೊಂಡವರು ಯಾರು?

ಕಳೆದ ನವೆಂಬರ್ 11ಕ್ಕೆ ನನ್ನ ತಂಗಿಯ ಶಾಲೆಯಲ್ಲಿ ಓಬವ್ವ ಜಯಂತಿ. ಏಳನೇ ತರಗತಿಯ ಅವಳದ್ದು ಓಬವ್ವನ ಏಕಪಾತ್ರಾಭಿನಯ. ಮಾತು ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ‘ಬಿಇ ಓದೋಳಿಗೆ ಇದೇನು ಮಹಾ’ ಎಂದು ಅಮ್ಮ ನನ್ನನ್ನು ಕೇಳದೆಯೇ ಒಪ್ಪಿಕೊಂಡಿದ್ದರು. ರಾತ್ರಿ ಕೂತು ಒಂದೂವರೆ ಪುಟ ಬರೆದೆ. ಕಿಂಡಿಯ ಬಳಿ ನಿಂತು ಓಬವ್ವ ಹೈದರಾಲಿಯ ಸೈನಿಕರಿಗೆ ಹಾಕುವ ಸವಾಲು, ಊಟಕ್ಕೆ ಕೂತ ಗಂಡನನ್ನು ಎಬ್ಬಿಸಬಾರದೆಂದು ಅವಳು ಮನಸ್ಸಿನಲ್ಲೇ ಆಡಿಕೊಳ್ಳುವ ಮಾತು, ಕೊನೆಗೆ ಸತ್ತವರ ಲೆಕ್ಕ. ಕೆಳಗೆ ‘ಇದು ಕಥೆಯಲ್ಲ, ಇತಿಹಾಸ’ ಎಂಬ ಸಾಲನ್ನೂ ಸೇರಿಸಿದೆ.

ತಂಗಿ ಅದನ್ನು ಬಾಯಿಪಾಠ ಮಾಡಿ ಎದುರುಮನೆಯ ನಿವೃತ್ತ ಮೇಷ್ಟ್ರ ಮುಂದೆ ಒಪ್ಪಿಸಿದಳು. ಅವರು ಚಪ್ಪಾಳೆ ತಟ್ಟಿ ನನ್ನ ಕಡೆ ತಿರುಗಿದರು. ‘ಚೆನ್ನಾಗಿ ಬರೆದಿದೀಯ. ಒಂದೇ ಒಂದು ಅನುಮಾನ. ಕಿಂಡಿ ಹತ್ರ ಅವಳು ಒಬ್ಬಳೇ ಇದ್ದಳು. ಒಳಗೆ ನುಸುಳಿದವರು ಯಾರೂ ಬದುಕಲಿಲ್ಲ ಅಂತಾನೇ ಕಥೆ. ಹಾಗಾದ್ರೆ ಈ ಮಾತನ್ನೆಲ್ಲ ಕೇಳಿಸಿಕೊಂಡವರು ಯಾರಮ್ಮ?’

ನನ್ನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತುಗಳ ಬೇರು ಇದ್ದದ್ದು ‘ನಾಗರಹಾವು’ ಚಿತ್ರದಲ್ಲಿ. ಪುಟ್ಟಣ್ಣ ಕಣಗಾಲ್ ನಿರ್ದೇಶನದ, 1972ರ ಆ ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಒನಕೆ ಎತ್ತುವುದನ್ನು ಟಿ.ವಿ.ಯಲ್ಲಿ ಎಷ್ಟು ಸಲ ನೋಡಿದ್ದೆನೋ, ಅದೇ ನನ್ನ ತಲೆಯಲ್ಲಿ ಇತಿಹಾಸವಾಗಿ ಕೂತಿತ್ತು. ಸತ್ತವರ ಲೆಕ್ಕ ಮೊಬೈಲಿಗೆ ಬಂದ ಒಂದು ಫಾರ್ವರ್ಡ್ ಮೆಸೇಜಿನದು.

ಮೇಷ್ಟ್ರು ಹೋದ ಮೇಲೆ ತಂಗಿ ಮುಖ ಸಣ್ಣದು ಮಾಡಿಕೊಂಡು ಕೇಳಿದಳು: ‘ಹಾಗಾದ್ರೆ ಓಬವ್ವ ಸುಳ್ಳಾ ಅಕ್ಕಾ?’

ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ವಾರ ಹಿಡಿಯಿತು.

ಪ್ರಾಥಮಿಕ ಆಕರ, ದ್ವಿತೀಯ ಆಕರ ಎಂಬ ಪದಗಳನ್ನು ಹೈಸ್ಕೂಲಿನಲ್ಲೇ ಓದಿದ್ದೆ. ಶಾಸನ, ನಾಣ್ಯ, ದಾಖಲೆ ಒಂದು ಕಡೆ. ಅವುಗಳನ್ನು ಆಧರಿಸಿ ನಂತರದವರು ಬರೆದ ಪುಸ್ತಕ ಇನ್ನೊಂದು ಕಡೆ. ಎರಡು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಅದರ ಅರ್ಥ ಆದದ್ದು ಎಂಜಿನಿಯರಿಂಗ್‌ಗೆ ಬಂದ ಮೇಲೆ. ಸರ್ವೆ ಮಾಡುವಾಗ ಬಿಸಿಲಲ್ಲಿ ನಿಂತು ಫೀಲ್ಡ್ ಬುಕ್‌ನಲ್ಲಿ ರೀಡಿಂಗ್ ಬರೆಯುತ್ತೇವೆ. ಅದು ಪ್ರಾಥಮಿಕ. ತಪ್ಪಾದರೆ ರಬ್ಬರ್ ಹಾಕುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಆಮೇಲೆ ಹಾಸ್ಟೆಲಿನಲ್ಲಿ ಕೂತು ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆಯುತ್ತೇವಲ್ಲ, ಅದು ಏನೆಂದು ನಿಮಗೂ ಗೊತ್ತು! ಅಕ್ಷರ ದುಂಡಗಿರುತ್ತದೆ, ಉತ್ತರ ಸರಿಯಾಗಿರುತ್ತದೆ. ಆದರೆ ಆ ನೆಲವನ್ನು ನಾವು ಅಳೆದಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಪ್ರಾಥಮಿಕ ಆಕರಕ್ಕೆ ಬರವಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ‘ಲಿಪಿಕಾರ’ ಎಂಬ ಅರ್ಥದ ಪದ ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿದೆ. ಅಷ್ಟು ದೂರದ ಲಿಪಿ ಬಲ್ಲ ಒಬ್ಬನ ಬರಹ ನಮ್ಮ ಬಂಡೆಯ ಮೇಲಿದೆ ಎಂಬುದನ್ನು ಯಾವ ಪುಸ್ತಕದ ನೆರವಿಲ್ಲದೆ ಆ ಕಲ್ಲೇ ಹೇಳುತ್ತದೆ. ಆದರೆ ರಾಜನ ಮಾತನ್ನು ಇಲ್ಲಿನ ಜನ ಪಾಲಿಸಿದರೇ ಎಂದು ಕೇಳಿ ನೋಡಿ, ಕಲ್ಲು ಸುಮ್ಮನಿರುತ್ತದೆ.

ಕಲ್ಲಿನಲ್ಲಿದ್ದರೆ ಸತ್ಯ, ಪುಸ್ತಕದಲ್ಲಿದ್ದರೆ ಅನುಮಾನ ಎಂದು ನಾನೂ ಒಂದೆರಡು ದಿನ ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದ್ದು ಕದಂಬರ ಮಯೂರಶರ್ಮ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವನ ಹೆಸರಿನ ಮೂರು ಸಾಲಿನ ಪ್ರಾಕೃತ ಶಾಸನವಿದೆ, ಒಂದು ಕೆರೆಯ ವಿಷಯ. ಡಾ. ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1929ರ ವರದಿಯಲ್ಲಿ ಅದನ್ನು ಪ್ರಕಟಿಸಿದರು. ಪಲ್ಲವ, ಆಭೀರ, ತ್ರೈಕೂಟ, ಪುನ್ನಾಟ ಎಂದು ಮಯೂರಶರ್ಮ ಗೆದ್ದವರ ಉದ್ದನೆಯ ಪಟ್ಟಿಯನ್ನು ಅವರು ಅದರಲ್ಲಿ ಓದಿದರು. ಸವೆದ ಅಕ್ಷರಗಳನ್ನು ಮತ್ತೆ ಪರಿಶೀಲಿಸಿದ ನಂತರದ ವಿದ್ವಾಂಸರು ಆ ಪಟ್ಟಿಯನ್ನು ಹಾಗೇ ಒಪ್ಪಲಿಲ್ಲ. ಕಲ್ಲು ಅದೇ, ಓದು ಬೇರೆ. ಶಾಸನ ಪ್ರಾಥಮಿಕ ಆಕರವೇ. ಅದರಲ್ಲಿ ಏನಿದೆ ಎಂದು ಒಬ್ಬರು ಓದಿ ಹೇಳಿದ್ದು ಮಾತ್ರ ಅವರ ಓದು. ಎಷ್ಟೋ ಗೈಡ್‌ಗಳು ಈ ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿಬಿಡುತ್ತವೆ.

ಇನ್ನು ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನ ಜತೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಓದುವವರಿಗೆಲ್ಲ ಗೊತ್ತಿರುವ ಈ ಪ್ರಸಂಗ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಶಾಸನದ್ದು. ಅದನ್ನು ರಚಿಸಿದ ಕವಿ ಕುಬ್ಜ ಬದುಕಿದ್ದು ಶಾಂತಿವರ್ಮನ ಕಾಲದಲ್ಲಿ, ಅಂದರೆ ಮಯೂರಶರ್ಮನಿಂದ ಸುಮಾರು ನೂರು ವರ್ಷದ ನಂತರ. ಆ ಜಗಳವನ್ನು ಕುಬ್ಜ ಕಂಡಿರಲಾರ. ತನ್ನ ದೊರೆಯ ವಂಶದ ಹಿರಿಯನನ್ನು ಹೊಗಳುತ್ತಿದ್ದಾನೆ ಎಂಬುದೂ ನೆನಪಿರಲಿ. ಶಾಂತಿವರ್ಮನ ಕಾಲದಲ್ಲಿ ಕದಂಬರು ತಮ್ಮ ಮೂಲವನ್ನು ಹೇಗೆ ಹೇಳಿಕೊಳ್ಳುತ್ತಿದ್ದರು ಎಂದು ಕೇಳಿದರೆ ತಾಳಗುಂದ ಪ್ರಾಥಮಿಕ ಆಕರ. ಕಂಚಿಯಲ್ಲಿ ಆ ದಿನ ಏನಾಯಿತು ಎಂದು ಕೇಳಿದರೆ ಅದೂ ಕೇಳಿ ಹೇಳಿದ ಮಾತೇ. ಹಾಗಾದರೆ ಪ್ರಾಥಮಿಕ, ದ್ವಿತೀಯ ಎಂಬುದು ಕಲ್ಲಿನ ಮೇಲೋ ಕಾಗದದ ಮೇಲೋ ಅಂಟಿದ ಚೀಟಿಯಲ್ಲ. ನಾವು ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಅದು ಬದಲಾಗುತ್ತದೆ.

ಇದು ಮನುಷ್ಯರಿಗೂ ಅನ್ವಯಿಸುತ್ತದೆ. ನಮ್ಮೂರು ಹಿರಿಯೂರು. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಗಿತ್ತು. 1907ರಲ್ಲಿ ಮುಗಿದ ಆ ಅಣೆಕಟ್ಟೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 89 ವರ್ಷದ ನಂತರ. ನಮ್ಮ ಬೀದಿಯ ಅಜ್ಜ ಒಬ್ಬರು ‘ಆವತ್ತೂ ನೋಡಿದ್ದೆ, ಅಪ್ಪನ ಹೆಗಲ ಮೇಲೆ ಕೂತು’ ಎಂದರು. ಅವರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1936ರ ಜೂನ್ 1! ಕೇಳಿದರೆ, ‘ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದು ಕಣವ್ವ’ ಎಂದು ನಕ್ಕರು. ಕೊನೆಗೆ ಅವರ ಮನೆಯವರಿಂದ ತಿಳಿದದ್ದು, ಹೆಗಲ ಮೇಲೆ ಕೂತಿದ್ದವನು ಅವರ ದೊಡ್ಡಣ್ಣ. ಅಜ್ಜ ಸುಳ್ಳು ಹೇಳಿರಲಿಲ್ಲ. ಕೇಳಿ ಕೇಳಿ ಅಣ್ಣನ ನೆನಪು ಅವರದೇ ಆಗಿತ್ತು. ಸರ್ಕಾರದ ಮುದ್ರೆಯಿರುವ ಕಾರ್ಡಿನ ತಾರೀಕೂ ಮೇಷ್ಟ್ರ ಅಂದಾಜು. ನೆನಪು, ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರಿಂದ ವಿಷಯ ತಿಳಿಯಿತು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರಿಗೆ ಇಷ್ಟೆಲ್ಲ ಮಾಡಲು ಪುರುಸೊತ್ತೆಲ್ಲಿ ಎಂದು ನೀವು ಕೇಳಬಹುದು. ಪರೀಕ್ಷೆಗೆ ಗೈಡ್ ಬೇಕೇ ಬೇಕು, ದ್ವಿತೀಯ ಆಕರವೆಂದರೆ ಕೀಳು ಎಂದೂ ಅಲ್ಲ; ಸಾವಿರ ಕಲ್ಲುಗಳನ್ನು ಹೋಲಿಸಿ ನೋಡಿದವರ ಶ್ರಮ ಒಳ್ಳೆಯ ಇತಿಹಾಸ ಪುಸ್ತಕದಲ್ಲಿರುತ್ತದೆ. ಆದರೆ ಒಂದು ಸಾಲು ಓದಿದಾಗ ಮೂರು ಪ್ರಶ್ನೆ ಸಾಕು: ಇದನ್ನು ಹೇಳಿದವರು ಯಾರು? ಘಟನೆ ಆಗಿ ಎಷ್ಟು ದಿನಕ್ಕೆ ಹೇಳಿದರು? ಹೇಳಿದ್ದರಿಂದ ಅವರಿಗೇನು ಲಾಭ? ಪುರುಸೊತ್ತಾದಾಗ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೇ ಸಂಪುಟ ತೆರೆಯಿರಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ತಾಲ್ಲೂಕುವಾರು ಶಾಸನಗಳಿವೆ. ಹೊಸದುರ್ಗದ ಗೆಳತಿಯೊಬ್ಬಳು ಅದರಲ್ಲಿ ತನ್ನೂರಿನ ಹೆಸರು ಕಂಡು ಹುಡುಕಿಕೊಂಡು ಹೋದಳು. ಗುಡಿಯ ಪಕ್ಕ ಸುಣ್ಣ ಬಳಿಸಿಕೊಂಡು ಅರ್ಧ ಹೂತಿದ್ದ ಕಲ್ಲೇ ಅದು. ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಆಡಿದ್ದಳಂತೆ.

ಈಗ ತಂಗಿಯ ಪ್ರಶ್ನೆ. 1779ರಲ್ಲಿ ಹೈದರಾಲಿಗೆ ಕೋಟೆ ವಶವಾದ ಕಾಲದ ಬಗ್ಗೆ ‘ನಾಗರಹಾವು’ ಆಧಾರವಲ್ಲ. ಆದರೆ 1972ರ ಕನ್ನಡಿಗರು ಓಬವ್ವನನ್ನು ಹೇಗೆ ಕಂಡರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಸಿಗಲಿಕ್ಕಿಲ್ಲ. ಓಬವ್ವ ನಮಗೆ ಬಂದದ್ದು ಜನರ ಬಾಯಿಂದ ಬಾಯಿಗೆ. ಕಾವಲುಗಾರನ ಹೆಂಡತಿಗೆ ಕಲ್ಲಿನಲ್ಲಿ ಹೆಸರು ಕೆತ್ತಿಸುವ ಕುಬ್ಜ ಕವಿ ಸಿಗುವುದಿಲ್ಲ. ಅಂಥವರ ನೆನಪು ಉಳಿಯುವುದು ಕಥೆಯಲ್ಲೇ. ಆ ನೆನಪನ್ನು ನೆನಪೆಂದೇ ಹೇಳಿದರೆ ಓಬವ್ವನಿಗೆ ಅವಮಾನವಿಲ್ಲ. ನನ್ನ ಡೈಲಾಗನ್ನು ಅವಳ ಬಾಯಿಗೆ ತುರುಕಿ ಇತಿಹಾಸ ಎಂದದ್ದೇ ತಪ್ಪು.

ಹಾಗೆಂದು ತಂಗಿಗೆ ಹೇಳಿದೆ. ಪುಟ ತೆಗೆದು ಸತ್ತವರ ಲೆಕ್ಕದ ಮೇಲೆ, ‘ಇದು ಕಥೆಯಲ್ಲ, ಇತಿಹಾಸ’ ಎಂಬ ಸಾಲಿನ ಮೇಲೆ ಫೀಲ್ಡ್ ಬುಕ್ಕಿನ ಹಾಗೆ ಒಂದೊಂದು ಗೆರೆ ಎಳೆದೆ. ಮೊದಲ ಸಾಲನ್ನು ಅವಳೇ ಹೇಳಿದಳು, ನಾನು ಬರೆದುಕೊಂಡೆ: ‘ಇದು ನನ್ನ ಅಜ್ಜಿ ಹೇಳಿದ್ದು. ಅಜ್ಜಿಗೆ ಅವರ ಅಜ್ಜಿ ಹೇಳಿದ್ದಂತೆ. ಆ ಕಿಂಡಿ ಈಗಲೂ ಕೋಟೆಯಲ್ಲಿದೆ, ಹೋದಾಗ ನೀವೂ ನೋಡಿ.’