ಬೆಂಕಿ ಆರಿದರೂ ಉಳಿಯುವ ಮಸಿ

ಚನ್ನಪಟ್ಟಣದ ಬೊಂಬೆಯ ಕಾರ್ಖಾನೆಯ ಹಾಲೆಮರದ ಹೊಟ್ಟಿಗೋ, ರಾಮನಗರದ ರೇಷ್ಮೆಯ ದಾಸ್ತಾನಿಗೋ, ಕನಕಪುರ, ಮಾಗಡಿಗಳ ಯಾವುದೋ ಅಂಗಡಿಯ ಪ್ಲಾಸ್ಟಿಕ್ಕಿಗೋ ಹತ್ತಿದ ಕಿಚ್ಚು ನೀರಿನ ಧಾರೆಗೆ ಅಡಗಿದ ಮೇಲೆಯೂ, ಅದರ ವಿಷವು ಅಗ್ನಿಶಾಮಕರ ಕೋಟಿನ ಕಾಲರಿನಲ್ಲಿ, ಕೈಗವುಸಿನ ಮಡಿಕೆಯಲ್ಲಿ, ಹೋಸ್ ಪೈಪಿನ ಮೈಮೇಲೆ ಕಪ್ಪು ಜಿಡ್ಡಾಗಿ ಕುಳಿತಿರುತ್ತದೆ. ಬೆವರಿನಿಂದ ತೊಯ್ದು ಬಿಸಿಯೇರಿದ ಕತ್ತಿನ ಚರ್ಮವು ಅದನ್ನು ಹೀರಿಕೊಳ್ಳುವುದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ವೃತ್ತಿಯನ್ನೇ, ತಂಬಾಕು ಮತ್ತು ಆಸ್ಬೆಸ್ಟಾಸ್‌ಗಳಿರುವ ಕ್ಯಾನ್ಸರ್‌ಕಾರಕಗಳ ಒಂದನೆಯ ವರ್ಗಕ್ಕೆ ಸೇರಿಸಿತು.

ಈ ಮಸಿಯನ್ನು ತೊಲಗಿಸುವ ಉಪಾಯವು ದುಬಾರಿಯದಲ್ಲ. ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಣ ಬ್ರಷ್ಷು ಈ ಮಾಲಿನ್ಯದ ಕಾಲುಭಾಗವನ್ನೂ ತೆಗೆಯಲಾರದೆ ಹೋದರೆ, ಸಾಬೂನುನೀರಿನಿಂದ ಉಜ್ಜಿ ತೊಳೆದುದು ಸುಮಾರು ಶೇಕಡ 85ರಷ್ಟನ್ನು ತೊಲಗಿಸಿತು. ಆದುದರಿಂದ ಉಸಿರಾಟದ ಮುಖವಾಡವನ್ನು ಕಳಚುವ ಮೊದಲೇ, ಸ್ಥಳದಲ್ಲಿಯೇ ಒಬ್ಬರ ಕವಚವನ್ನು ಇನ್ನೊಬ್ಬರು ತೊಳೆದು, ಬಳಿಕ ಕತ್ತು ಕೈಗಳನ್ನು ಒರೆಸಿಕೊಂಡು, ಕೋಟನ್ನು ಚೀಲದಲ್ಲಿ ಬಿಗಿದು ಒಯ್ಯತಕ್ಕದ್ದು. ಠಾಣೆಯಲ್ಲಿ ಮಿಂದ ಮೇಲೆಯೇ ಊಟಕ್ಕೆ ಕೂರತಕ್ಕದ್ದು.

ಮಸಿ ಹಿಡಿದ ಕೋಟನ್ನು ಶೌರ್ಯದ ಗುರುತೆಂದು ಮೆಚ್ಚುವುದು ನನಗೆ ಸರ್ವಥಾ ಸಲ್ಲದೆಂದೇ ತೋರುತ್ತದೆ. ಅದನ್ನು ಮನೆಗೊಯ್ದರೆ ಕೂಸಿನ ಬಟ್ಟೆಗೂ ಅದೇ ಮಸಿ ತಗಲುವುದು. ಪ್ರತಿಯೊಬ್ಬರಿಗೂ ಎರಡನೆಯ ಜೊತೆ ಕವಚವನ್ನೂ, ಪ್ರತಿ ಠಾಣೆಗೂ ಅದಕ್ಕೆಂದೇ ಒಗೆಯುವ ಯಂತ್ರವನ್ನೂ ಸರ್ಕಾರವು ಒದಗಿಸಬೇಕು.