ಸವೆಸುವ ದಾರಿ, ಸವಿಯುವ ದಾರಿ

ದೂರ ನಡೆದು ಬಂದವನು ಕನ್ನಡದಲ್ಲಿ ‘ದಾರಿ ಸವೆಸಿದೆ’ ಎನ್ನುತ್ತಾನೆ. ಜೊತೆಗೆ ಒಳ್ಳೆಯ ಮಾತುಗಾರನೊಬ್ಬನಿದ್ದರೆ ‘ದಾರಿ ಸವೆದದ್ದೇ ತಿಳಿಯಲಿಲ್ಲ’ ಎನ್ನುತ್ತಾನೆ. ಸವೆಯುವುದೆಂದರೆ ತೇಯ್ದು ತೇಯ್ದು ಕಡಿಮೆಯಾಗುವುದು. ಚಪ್ಪಲಿಯ ಅಟ್ಟೆ ಸವೆಯುವಂತೆ, ಮನೆಯ ಹೊಸ್ತಿಲು ಸವೆಯುವಂತೆ. ಈ ಮಾತಿನ ಪ್ರಕಾರ ದಾರಿ ನಾವು ಕಳೆಯಬೇಕಾದ ವಸ್ತು. ಬೇಗ ಕಳೆದಷ್ಟೂ ಲೇಸು. ಇದರ ಪಕ್ಕದಲ್ಲಿಯೇ, ಒಂದೇ ಸ್ವರದ ಅಂತರದಲ್ಲಿ, ‘ಸವಿ’ ಎಂಬ ಇನ್ನೊಂದು ಮಾತಿದೆ. ಸವಿಯುವವನಿಗೆ ಮುಗಿಯುವುದೇ ಬೇಡ. ಈ ಎರಡು ಮಾತುಗಳಿಗೆ ವ್ಯುತ್ಪತ್ತಿಯ ನಂಟು ಕಟ್ಟುವ ಸಾಹಸ ನನ್ನದಲ್ಲ. ಆದರೆ ಇಂದು ನಾನು ಹೇಳಹೊರಟಿರುವ ಒಂದು ಕಾಲುದಾರಿಯ ಕಥೆಯಲ್ಲಿ ಇವೆರಡರ ವ್ಯಾಜ್ಯ ಬಹುಕಾಲದಿಂದ ನಡೆದುಬಂದಿದೆ.

ಆ ದಾರಿ ಇರುವುದು ಅಮೆರಿಕದಲ್ಲಿ. ಆ ದೇಶದ ಪೂರ್ವ ಭಾಗದಲ್ಲಿ ದಕ್ಷಿಣೋತ್ತರವಾಗಿ ಚಾಚಿಕೊಂಡಿರುವ ಅಪಲಾಚಿಯನ್ ಪರ್ವತಶ್ರೇಣಿಯ ಬೆನ್ನಿನ ಮೇಲೆ ಅದು ಸಾಗುತ್ತದೆ. ದಕ್ಷಿಣದಲ್ಲಿ ಜಾರ್ಜಿಯಾದ ಸ್ಪ್ರಿಂಗರ್ ಪರ್ವತ ಒಂದು ತುದಿ. ಉತ್ತರದಲ್ಲಿ ಮೇಯ್ನ್ ರಾಜ್ಯದ ಕಟಾಹ್ಡಿನ್ ಶಿಖರ ಇನ್ನೊಂದು. ನಡುವೆ ಹದಿನಾಲ್ಕು ರಾಜ್ಯಗಳು, ಸುಮಾರು 3,500 ಕಿಲೋಮೀಟರು. ನಮ್ಮ ಭಾರತದ ಉತ್ತರ ದಕ್ಷಿಣ ತುದಿಗಳ ಅಂತರವೇ ಸುಮಾರು 3,200 ಕಿಲೋಮೀಟರು ಎಂದರೆ ಈ ಕಾಲುದಾರಿಯ ಉದ್ದ ಎಷ್ಟೆಂಬುದು ಮನಸ್ಸಿಗೆ ಬಂದೀತು. ಮರಗಳ ಮೇಲೂ ಬಂಡೆಗಳ ಮೇಲೂ ಬಳಿದ ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ಬಿಳಿಯ ಗುರುತುಗಳೇ ಇಲ್ಲಿ ದಾರಿ ತೋರುವ ದೀಪಗಳು. ಅಲ್ಲಲ್ಲಿ ಮೂರು ಗೋಡೆ, ಒಂದು ಮಾಡು ಇರುವ ತಂಗುದಾಣಗಳಿವೆ. ಒಂದೇ ಉಸಿರಿನಲ್ಲಿ ಇದನ್ನು ನಡೆದು ಮುಗಿಸುವ ಸಾಮಾನ್ಯರಿಗೆ ಐದರಿಂದ ಏಳು ತಿಂಗಳು ಹಿಡಿಯುತ್ತದೆ. ಹೊರಟವರಲ್ಲಿ ಹೆಚ್ಚಿನವರು ಕೊನೆ ಮುಟ್ಟುವುದಿಲ್ಲ.

ಈ ದಾರಿಯನ್ನು ಮೊದಲು ಕಲ್ಪಿಸಿದವರು ಬೆಂಟನ್ ಮೆಕಾಯ್ ಎಂಬ ಅರಣ್ಯಶಾಸ್ತ್ರಜ್ಞರು. 1921ರ ವಸಂತದಲ್ಲಿ ಅವರ ಪತ್ನಿ ಆತ್ಮಹತ್ಯೆ ಮಾಡಿಕೊಂಡರು. ದುಃಖದಲ್ಲಿ ಮುಳುಗಿದ್ದ ಮೆಕಾಯ್ ಆ ವರ್ಷವೇ, ಗೆಳೆಯರ ಒತ್ತಾಸೆಯಿಂದ, ವಾಸ್ತುಶಿಲ್ಪಿಗಳ ಒಂದು ಪತ್ರಿಕೆಯಲ್ಲಿ ತಮ್ಮ ಕನಸನ್ನು ಲೇಖನವಾಗಿ ಪ್ರಕಟಿಸಿದರು. ಅವರ ಕಣ್ಣ ಮುಂದೆ ಇದ್ದದ್ದು ಕ್ರೀಡಾಂಗಣವಲ್ಲ. ಪೂರ್ವ ಕರಾವಳಿಯ ಕಾರ್ಖಾನೆಗಳ ಹೊಗೆಯಲ್ಲಿ, ಗಡಿಯಾರದ ಮುಳ್ಳಿಗೆ ಕಟ್ಟುಬಿದ್ದು ದುಡಿಯುವ ಲಕ್ಷಾಂತರ ಜನ ಕೆಲವು ದಿನವಾದರೂ ಬೆಟ್ಟದ ಗಾಳಿ ಕುಡಿಯಬೇಕು, ದಾರಿಯ ಬದಿಯ ಶಿಬಿರಗಳಲ್ಲಿ ಕೂಡಿ ಬಾಳಬೇಕು ಎಂಬುದು ಅವರ ಆಸೆ. 1937ರಲ್ಲಿ ದಾರಿ ಪೂರ್ಣವಾಯಿತು. ಮೆಕಾಯ್ 96 ವರ್ಷ ಬದುಕಿ 1975ರಲ್ಲಿ ತೀರಿಕೊಂಡರು. ಈ ದಾರಿಯ ಗುರಿಯೇನೆಂದು ಕೇಳಿದಾಗ ಅವರು ಕೊಡುತ್ತಿದ್ದ ಉತ್ತರದ ಸಾರ ಇಷ್ಟು: ನಡೆಯುವುದು, ನೋಡುವುದು, ನೋಡಿದ್ದನ್ನು ನಿಜವಾಗಿ ಕಾಣುವುದು. ಯಾರು ಎಷ್ಟು ಬೇಗ ಮುಗಿಸಿದರೆಂದು ಲೆಕ್ಕವಿಡುವವರಿದ್ದಾರೆ. ಬಹುಮಾನ ಕೊಡುವ ಅಧಿಕಾರ ತಮಗಿದ್ದರೆ ಎಲ್ಲರಿಗಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೇ ಕೊಡುವೆವೆಂದು ಅವರು ಹೇಳಿದ್ದುಂಟು. ಗಡಿಯಾರದಿಂದ ಬಿಡಿಸಿಕೊಳ್ಳಲೆಂದು ಮಾಡಿದ ದಾರಿಗೆ ಮತ್ತೆ ಗಡಿಯಾರ ಕಟ್ಟುವುದನ್ನು ಅವರ ಮನಸ್ಸು ಒಪ್ಪಲಿಲ್ಲ.

ಆದರೂ ಲೆಕ್ಕ ಮೊದಲ ದಿನದಿಂದಲೇ ಬೆನ್ನು ಹತ್ತಿತು. ತುದಿಯಿಂದ ತುದಿಗೆ ಒಂದೇ ಸಲಕ್ಕೆ ನಡೆದೆನೆಂದು ಮೊದಲು ತಿಳಿಸಿದವರು ಪೆನ್ಸಿಲ್ವೇನಿಯಾದ ಅರ್ಲ್ ಶೇಫರ್. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಸೈನಿಕರಾಗಿದ್ದವರು. ಈ ದಾರಿಯನ್ನು ಜೊತೆಯಾಗಿ ನಡೆಯೋಣವೆಂದು ಯುದ್ಧಕ್ಕೆ ಮೊದಲೇ ಅವರೊಡನೆ ಮಾತಾಡಿಕೊಂಡಿದ್ದ ಬಾಲ್ಯದ ಗೆಳೆಯ ಇವೊ ಜಿಮಾದ ಕಾಳಗದಲ್ಲಿ ಮಡಿದಿದ್ದ. ಯುದ್ಧ ಮುಗಿದು ಮನೆಗೆ ಬಂದರೂ ಯುದ್ಧ ಮೈಯಿಂದ ಇಳಿಯಲಿಲ್ಲ. ಅದನ್ನು ನಡೆದೇ ಇಳಿಸಬೇಕೆಂದು 1948ರ ಏಪ್ರಿಲ್‌ನಲ್ಲಿ ಅವರು ಒಬ್ಬರೇ ದಕ್ಷಿಣ ತುದಿಯಿಂದ ಹೊರಟರು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಪುಟ್ಟ ದಿನಚರಿ. ಆ ಭೂಭಾಗದಲ್ಲಿ ವಸಂತವೂ ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತದೆ. ಕಣಿವೆಯಲ್ಲಿ ಮೊದಲು, ನೆತ್ತಿಯಲ್ಲಿ ಆಮೇಲೆ. ಶೇಫರ್ ದಿನಕ್ಕೆ ಸರಾಸರಿ 27 ಕಿಲೋಮೀಟರಿನಂತೆ ನಡೆದು ವಸಂತದ ಜೊತೆಗಾರರಾದರು. ಮುಂದೆ ತಮ್ಮ ಪುಸ್ತಕಕ್ಕೆ ವಸಂತನ ಜೊತೆ ನಡೆದ ಈ ಅರ್ಥದ ಹೆಸರನ್ನೇ ಇಟ್ಟರು.

124 ದಿನಗಳಲ್ಲಿ ಅವರು ಕಟಾಹ್ಡಿನ್ ಏರಿದಾಗ ದಾರಿಯನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯವರು ಮೊದಲು ನಂಬಲಿಲ್ಲ. ದಿನಚರಿ, ಛಾಯಾಚಿತ್ರಗಳನ್ನೆಲ್ಲ ಒಪ್ಪಿಸಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದ ಮೇಲೆಯೇ ಮನ್ನಣೆ. ಹೀಗೆ ಗೆಳೆಯನ ಶೋಕದಿಂದ ಹೊರಟ ಒಂದು ನಡಿಗೆ ಲೋಕದ ದಫ್ತರದಲ್ಲಿ ಒಂದು ಅಂಕಿಯಾಗಿ ಕುಳಿತಿತು. 124 ಎಂಬ ಅಂಕಿ ಸುಳ್ಳಲ್ಲ. ಆದರೆ ಆತ ಏಕೆ ನಡೆದ ಎಂಬ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಇನ್ನೊಂದು ನಡಿಗೆಯನ್ನು ಇಲ್ಲಿ ನೆನೆಯಬೇಕು. ಓಹಾಯೋ ರಾಜ್ಯದ ಎಮ್ಮಾ ಗೇಟ್‌ವುಡ್ ಹನ್ನೊಂದು ಮಕ್ಕಳ ತಾಯಿ. ಗಂಡನ ಹೊಡೆತವನ್ನು ವರ್ಷಾನುವರ್ಷ ಸಹಿಸಿ ಬಿಡುಗಡೆ ಪಡೆದವರು. ಪತ್ರಿಕೆಯೊಂದರಲ್ಲಿ ಈ ದಾರಿಯ ವಿಷಯ ಓದಿ 1954ರಲ್ಲಿ ಉತ್ತರ ತುದಿಯಿಂದ ಹೊರಟರು. ದಾರಿ ತಪ್ಪಿತು, ಕನ್ನಡಕ ಒಡೆಯಿತು, ಹಿಂದಿರುಗಿದರು. ಮರುವರ್ಷ, ತಮ್ಮ 67ನೆಯ ವಯಸ್ಸಿನಲ್ಲಿ, ದಕ್ಷಿಣದಿಂದ ಮತ್ತೆ ಹೊರಟರು. ಕಾಲಿಗೆ ಕ್ಯಾನ್‌ವಾಸ್ ಜೋಡು, ಹೆಗಲಿಗೆ ಕೈಯಾರೆ ಹೊಲಿದ ಬಟ್ಟೆಯ ಚೀಲ, ಮಳೆಗೆ ಬಚ್ಚಲುಮನೆಯ ಪರದೆ. ಮಕ್ಕಳಿಗೆ ಎಲ್ಲಿಗೆಂದು ಬಿಡಿಸಿ ಹೇಳಿರಲಿಲ್ಲ. 146 ದಿನಗಳಲ್ಲಿ ಅಜ್ಜಿ ಕೊನೆ ಮುಟ್ಟಿದರು. ಅವರು ಸವೆಸಿದ್ದು ದಾರಿಯನ್ನೋ, ಹಿಂದಿನ ಬಾಳಿನ ನೋವನ್ನೋ?

ಇನ್ನು ವೇಗದ ಮಾತಿಗೆ ಬರೋಣ. ಇಂದು ದೀರ್ಘ ಕಾಲುದಾರಿಗಳ ದಾಖಲೆಗೆ ಇಂಗ್ಲಿಷಿನಲ್ಲಿ ‘ಫಾಸ್ಟೆಸ್ಟ್ ನೋನ್ ಟೈಮ್’ ಎಂಬ ಹೆಸರಿದೆ. ತಿಳಿದುಬಂದಿರುವುದರಲ್ಲಿ ಅತಿ ಕಡಿಮೆ ಕಾಲ ಎಂದರ್ಥ. ‘ತಿಳಿದುಬಂದಿರುವ’ ಎಂಬ ವಿಶೇಷಣದಲ್ಲಿ ಒಂದು ವಿನಯವಿದೆ: ಯಾರಿಗೂ ಹೇಳದೆ ಇನ್ನೂ ಬೇಗ ನಡೆದವನು ಇದ್ದರೂ ಇರಬಹುದು. ಇದರಲ್ಲಿ ಬಗೆಗಳೂ ಉಂಟು. ಸಹಾಯಕರ ತಂಡ ದಾರಿಗೆ ರಸ್ತೆ ಅಡ್ಡಬಂದಲ್ಲೆಲ್ಲ ಆಹಾರ, ಹಾಸಿಗೆ, ಹೊಸ ಜೋಡು ಹಿಡಿದು ಕಾದಿದ್ದರೆ ಅದು ಒಂದು ಬಗೆ. ದಾರಿಯ ಊರುಗಳಲ್ಲಿ ಯಾರಿಗೂ ಸಿಗುವಂಥದನ್ನು ಕೊಂಡು, ಅಂಚೆಯಲ್ಲಿ ಮುಂಚೆಯೇ ಕಳಿಸಿಕೊಂಡ ಗಂಟನ್ನು ಬಿಡಿಸಿಕೊಂಡು ಒಬ್ಬರೇ ಸಾಗಿದರೆ ಇನ್ನೊಂದು. ಹೊರಟಾಗ ಹೊತ್ತದ್ದರಲ್ಲಿಯೇ ಕೊನೆಯವರೆಗೂ ಸಾಗಿಸುವುದು ಮೂರನೆಯದು. ಇಷ್ಟು ಉದ್ದದ ದಾರಿಗೆ ಅದು ಹೊಂದುವ ಮಾತಲ್ಲ.

2011ರಲ್ಲಿ ಜೆನಿಫರ್ ಫಾರ್ ಡೇವಿಸ್ ಎಂಬ ತರುಣಿ, ಪತಿಯ ನೆರವಿನೊಡನೆ, 46 ದಿನ 11 ಗಂಟೆ 20 ನಿಮಿಷಗಳಲ್ಲಿ ಈ ದಾರಿಯನ್ನು ಮುಗಿಸಿ ಗಂಡಸರ ದಾಖಲೆಯನ್ನೂ ಮೀರಿದರು. 2015ರಲ್ಲಿ ಸ್ಕಾಟ್ ಜೂರೆಕ್ ಅದನ್ನು ಮೂರು ಗಂಟೆ ಚಿಲ್ಲರೆಯಿಂದ ಮುರಿದರು. 2018ರಲ್ಲಿ ಬೆಲ್ಜಿಯಮ್ಮಿನ ದಂತವೈದ್ಯ ಕಾರೆಲ್ ಸಾಬೆ 41 ದಿನ 7 ಗಂಟೆಗೆ ಇಳಿಸಿದರು. 2024ರ ಸೆಪ್ಟೆಂಬರಿನಲ್ಲಿ ಟಾರಾ ಡವರ್ ಎಂಬ ಮಹಿಳೆ 40 ದಿನ 18 ಗಂಟೆ 6 ನಿಮಿಷಗಳಲ್ಲಿ ಸ್ಪ್ರಿಂಗರ್ ತುದಿ ಮುಟ್ಟಿ ಸಾಬೆಯವರನ್ನೂ ಹಿಂದಿಕ್ಕಿದರು. ದಿನಕ್ಕೆ ಸುಮಾರು 87 ಕಿಲೋಮೀಟರು. ಅದೂ ಸಮತಟ್ಟಾದ ರಸ್ತೆಯಲ್ಲಲ್ಲ, ಬೇರು, ಬಂಡೆ, ಕೆಸರು, ಏರಿಳಿತಗಳ ಮೇಲೆ. ಈ ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಎವರೆಸ್ಟಿನ ಎತ್ತರವನ್ನು ಹದಿನಾರು ಸಲ ಹತ್ತಿದಂತೆ ಎಂದು ಲೆಕ್ಕ ಹಾಕಿದ್ದಾರೆ.

ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಅವರ ಆಕ್ಷೇಪಣೆ ಪೊಳ್ಳಲ್ಲ. ಕಟಾಹ್ಡಿನ್ ಶಿಖರದ ಸುತ್ತಣ ಕಾಡನ್ನು ಮೇಯ್ನ್ ರಾಜ್ಯದ ಗವರ್ನರ್ ಆಗಿದ್ದ ಪರ್ಸಿವಲ್ ಬ್ಯಾಕ್ಸ್ಟರ್ ಸ್ವಂತ ಹಣದಿಂದ ಕೊಂಡು, ಅದು ಎಂದೆಂದಿಗೂ ಕಾಡಾಗಿಯೇ ಉಳಿಯಬೇಕೆಂಬ ಕಟ್ಟಳೆಯೊಡನೆ ಜನತೆಗೆ ಕೊಟ್ಟರು. 2015ರಲ್ಲಿ ದಾಖಲೆ ಮುರಿದ ಜೂರೆಕ್ ಅವರ ಸುತ್ತ ಅದೇ ಶಿಖರದ ಮೇಲೆ ಜನ ಸೇರಿದರು, ಮದ್ಯದ ಬುರುಡೆ ತೆರೆಯಿತು. ಉದ್ಯಾನದ ಅಧಿಕಾರಿಗಳು ಮೊಕದ್ದಮೆ ಹೂಡಿದರು. ಉಳಿದ ಆರೋಪಗಳು ಬಿದ್ದುಹೋಗಿ, ಬಹಿರಂಗವಾಗಿ ಮದ್ಯ ಸೇವಿಸಿದ್ದಕ್ಕೆ 500 ಡಾಲರ್ ದಂಡವಾಯಿತು. ತಪ್ಪು ಸಣ್ಣದು, ಆದರೆ ಒಂದು ಜಾಗ ‘ಗೆಲುವಿನ ಗೆರೆ’ ಆದ ಕ್ಷಣದಲ್ಲಿ ಅದು ಬೆಟ್ಟವಾಗಿ ಕಾಣುವುದು ತಪ್ಪುತ್ತದೆಯೆ ಎಂಬ ಪ್ರಶ್ನೆ ಸಣ್ಣದಲ್ಲ. ದಾರಿಯನ್ನು ನೋಡಿಕೊಳ್ಳುವ ಸಂಸ್ಥೆಯಂತೂ ವೇಗದ ದಾಖಲೆಗಳಿಗೆ ಮನ್ನಣೆ ಕೊಡುವುದಿಲ್ಲ. ನಲವತ್ತು ದಿನದಲ್ಲಿ ಮುಗಿಸಿದವರಿಗೂ, ರಜೆ ಸಿಕ್ಕಾಗಲೆಲ್ಲ ತುಂಡುತುಂಡಾಗಿ ನಡೆದು ನಲವತ್ತು ವರ್ಷದಲ್ಲಿ ಮುಗಿಸಿದವರಿಗೂ ಅದು ಕೊಡುವ ಪತ್ರ ಒಂದೇ.

ಇಲ್ಲಿಗೆ ನಿಲ್ಲಿಸಿ ನಿಧಾನವೇ ಪ್ರಧಾನವೆಂದು ಮಂಗಳ ಹಾಡಬಹುದಿತ್ತು. ಆದರೆ ನನ್ನ ಮೇಲೆಯೇ ನನಗೆ ಅನುಮಾನ. ಮಂಡಿ ನೋಯುವ ಈ ವಯಸ್ಸಿನಲ್ಲಿ ನನಗೆ ನಿಧಾನವೇ ಗತಿ. ಗತಿಯಿಲ್ಲದ್ದನ್ನು ನೀತಿಯೆಂದು ಸಾರುವುದು ಮುದುಕರ ಹಳೆಯ ಚಾಳಿ. ಆದ್ದರಿಂದ ನನ್ನ ವೃತ್ತಿಯ ಒಂದು ಅನುಭವವನ್ನು ಹೇಳುತ್ತೇನೆ.

ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಇರುವುದೂ ಹದಿನಾಲ್ಕೇ ಆಶ್ವಾಸಗಳು. ಆಶ್ವಾಸವೆಂದರೆ ಉಸಿರು ತೆಗೆದುಕೊಳ್ಳುವುದು, ದಣಿವಾರಿಸಿಕೊಳ್ಳುವುದು. ಕಾವ್ಯದ ಭಾಗಗಳಿಗೆ ಈ ಹೆಸರಿಟ್ಟವರು ಓದುಗನನ್ನು ದಾರಿ ನಡೆಯುವವನೆಂದೇ ಭಾವಿಸಿದ್ದಿರಬೇಕು. ಬಹಳ ವರ್ಷ ನಾನು ಅದನ್ನು ಪದ್ಯಪದ್ಯಕ್ಕೂ ನಿಂತು, ಪದ ಬಿಡಿಸಿ ಪಾಠ ಹೇಳಿದವನು. ಒಂದು ವರ್ಷ ಕಾಯಿಲೆಯಿಂದ ದಿನಗಳು ಹೋಗಿ, ಪರೀಕ್ಷೆ ತಲೆಯ ಮೇಲೆ ಬಂದು, ಇಡೀ ಕಾವ್ಯವನ್ನು ಮೂರೇ ವಾರಗಳಲ್ಲಿ ವಿದ್ಯಾರ್ಥಿಗಳೊಡನೆ ಓಡಿಸಬೇಕಾಯಿತು. ನಾಚಿಕೆಯಿಂದಲೇ ಓಡಿಸಿದೆ. ಆ ಓಟದಲ್ಲಿ, ಅಷ್ಟು ವರ್ಷ ಕಾಣದಿದ್ದ ಒಂದು ವಿಷಯ ಕಂಡಿತು: ಹುಟ್ಟಿನಿಂದ ಸಾವಿನವರೆಗೆ ಕರ್ಣನ ಬಾಳು ಒಂದೇ ಬಿಲ್ಲಿನಂತೆ ಬಾಗಿ ನಿಂತದ್ದು. ಪದದ ಸವಿಯಲ್ಲಿ ಮುಳುಗಿದ್ದ ನನಗೆ ಆ ಬಾಗು ಕಣ್ಣಿಗೆ ಬಿದ್ದೇ ಇರಲಿಲ್ಲ. ಮರುವರ್ಷ ಮತ್ತೆ ನಿಧಾನವಾಗಿ ಓದಿದಾಗ ಪ್ರತಿ ಪದಕ್ಕೂ ಹೊಸ ಭಾರ ಬಂದಿತ್ತು.

ಅಂದಮೇಲೆ ಓಡುವವರು ಕುರುಡರು, ತಡೆದು ನಡೆಯುವವರು ರಸಿಕರು ಎಂಬ ಹಂಚಿಕೆ ಸರಿಯಲ್ಲ. ಫಾರ್ ಡೇವಿಸ್ ಅವರ ಕಥೆಯನ್ನೇ ನೋಡಿ. 2005ರಲ್ಲಿ, ಕಾಲೇಜು ಮುಗಿಸಿದ ಹೊಸತರಲ್ಲಿ, ಆಕೆ ಈ ದಾರಿಯನ್ನು ಎಲ್ಲರಂತೆ ತಿಂಗಳುಗಟ್ಟಲೆ ನಡೆದಿದ್ದರು. 2008ರಲ್ಲಿ 57 ದಿನಗಳಲ್ಲಿ ಮುಗಿಸಿದರು. ಮೂರನೆಯದು 2011ರ ದಾಖಲೆ. ಆ ಸಲ ಮೊದಲ ವಾರಗಳಲ್ಲಿಯೇ ಮೊಣಕಾಲ ಕೆಳಗಿನ ಎಲುಬು ನೋವು, ಆಲಿಕಲ್ಲಿನ ಮಳೆ, ಹೊಟ್ಟೆಯ ಬೇನೆ; ಬಿಟ್ಟುಬಿಡುವೆನೆಂದು ಕುಳಿತಾಗ ಎಬ್ಬಿಸಿ ಕಳಿಸಿದವರು ಪತಿ. ಬೆಳಗಿನ ನಸುಕಿನಿಂದ ಕತ್ತಲಾಗುವವರೆಗೆ ದಿನವಿಡೀ ಕಾಡಿನಲ್ಲಿರುವವನಿಗೆ ಸಿಗುವ ನೋಟಗಳು, ಬೆಳಿಗ್ಗೆ ತಡವಾಗಿ ಎದ್ದು ಸಂಜೆಗೆ ಮುಂಚೆ ಬೀಡುಬಿಡುವವನಿಗೆ ಸಿಗುವುದಿಲ್ಲ. ಇನ್ನು ತಿಂಗಳುಗಟ್ಟಲೆ ನಡೆದೂ ನಾಳಿನ ಊರಿನ ಊಟವನ್ನೇ ಧ್ಯಾನಿಸುತ್ತ ಸಾಗುವವನ ಕಣ್ಣಿಗೆ ಯಾವ ಹೂವು ಬಿದ್ದೀತು? ನಿಧಾನ ಸವಿಗೆ ಎಡೆಮಾಡಿಕೊಡುತ್ತದೆ. ಸವಿಯನ್ನು ತಾನೇ ತಂದುಕೊಡುವುದಿಲ್ಲ.

ಶೇಫರ್ ಅವರ ಮುಂದಿನ ಕಥೆಯೂ ಇದನ್ನೇ ಹೇಳುತ್ತದೆ. 1965ರಲ್ಲಿ ಅವರು ಮತ್ತೆ ಹೊರಟರು. ಈ ಸಲ ಉತ್ತರದಿಂದ ದಕ್ಷಿಣಕ್ಕೆ, 99 ದಿನಗಳಲ್ಲಿ. ಮೂರನೆಯ ಸಲ ಹೊರಟದ್ದು 1998ರಲ್ಲಿ, ಮೊದಲ ನಡಿಗೆಗೆ ಐವತ್ತು ತುಂಬಿದ ವರ್ಷ. ದಾರಿಯನ್ನು ಬೇಕೆಂದೇ ಕಷ್ಟದ ಕಡೆಗೆ ತಿರುಗಿಸಿದ್ದಾರೆಂದು ಗೊಣಗುತ್ತಲೇ, ಎಂಬತ್ತು ತುಂಬಲು ಕೆಲವೇ ದಿನಗಳಿರುವಾಗ ಕಟಾಹ್ಡಿನ್ ಏರಿದರು. ತೆಗೆದುಕೊಂಡ ಕಾಲ 173 ದಿನ. 124, 99, 173: ಒಬ್ಬನೇ ಮನುಷ್ಯ, ಒಂದೇ ದಾರಿ, ಮೂರು ಅಂಕಿಗಳು. ಇವುಗಳಲ್ಲಿ ಯಾವುದು ಉತ್ತಮ ನಡಿಗೆ ಎಂದು ಕೇಳುವುದಕ್ಕೇ ಅರ್ಥವಿಲ್ಲ. ಶೋಕದ ನಡೆ ಒಂದು, ಕಸುವಿನ ನಡೆ ಒಂದು, ಬೀಳ್ಕೊಡುವ ನಡೆ ಒಂದು. 2002ರಲ್ಲಿ ಅವರು ತೀರಿಕೊಂಡರು. ಮೊದಲ ನಡಿಗೆಯ ಆ ಪುಟ್ಟ ದಿನಚರಿ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಕೊನೆಯದಾಗಿ, ಈ ವ್ಯಾಜ್ಯದಲ್ಲಿ ಯಾರೂ ಕರೆಯದ ಮೂರನೆಯ ಕಕ್ಷಿಯೊಂದಿದೆ. ಕಾಲುದಾರಿ ನಿಜವಾಗಿಯೂ ಸವೆಯುತ್ತದೆ. ಲಕ್ಷಾಂತರ ಪಾದಗಳಿಗೆ ಮಣ್ಣು ಕೊರೆದು ಹೋಗುತ್ತದೆ, ಮಳೆಗೆ ಮೆಟ್ಟಿಲು ಕುಸಿಯುತ್ತದೆ, ಗಾಳಿಗೆ ಮರ ಅಡ್ಡ ಬೀಳುತ್ತದೆ. ಡವರ್ ಅವರು ಓಟ ಮುಗಿಸಿ ಒಂದು ವಾರವೂ ಆಗಿರಲಿಲ್ಲ; ಹೆಲೀನ್ ಚಂಡಮಾರುತ ದಕ್ಷಿಣ ಭಾಗದ ದಾರಿಯನ್ನು ನೂರಾರು ಕಿಲೋಮೀಟರು ಹಾಳುಗೆಡವಿತು. ಅಂಥ ದಾರಿಯನ್ನು ಗರಗಸ, ಗುದ್ದಲಿ, ಬಿಳಿಯ ಬಣ್ಣದ ಡಬ್ಬಿ ಹಿಡಿದು ಮತ್ತೆ ಮತ್ತೆ ಕಟ್ಟುವವರು ಸುಮಾರು ಮೂವತ್ತು ಸಂಘಗಳ ಸ್ವಯಂಸೇವಕರು. ಅವರಲ್ಲಿ ಅನೇಕರ ಪಾಲಿಗೆ ಬಂದಿರುವುದು ಕೆಲವೇ ಕಿಲೋಮೀಟರಿನ ಒಂದು ತುಂಡು. ವರ್ಷ ವರ್ಷವೂ ಅದೇ ತುಂಡಿಗೆ ಹೋಗಿ, ಅದೇ ಮರದ ಗುರುತಿಗೆ ಬಣ್ಣ ಬಳಿದು ಬರುತ್ತಾರೆ. ಓಡುವವನೂ ಅಡ್ಡಾಡುವವನೂ ಹೆಜ್ಜೆಯಿಡುವುದು ಅವರು ಸರಿಮಾಡಿದ ನೆಲದ ಮೇಲೆ. ಮೆಕಾಯ್ ಕೊಡಬೇಕೆಂದಿದ್ದ, ಅತಿ ಹೆಚ್ಚು ಕಾಲ ತೆಗೆದುಕೊಂಡವರ ಬಹುಮಾನ ಯಾರಿಗಾದರೂ ಸಲ್ಲುವುದಾದರೆ ಇವರಿಗೇ ಸಲ್ಲಬೇಕು.